ಸಾದಾ ಮದುವೆಯೂ ಸಭೆಯ ಮಾನವೂ

ಹಿಂಗಾರಿ ಜೋಳದ ರಾಶಿ ಮುಗಿದು, ಕಡಲೆ ಮನೆಗೆ ಬಂದು, ಶುಭ ಶುಕ್ರವಾರವೂ ಪುನರುತ್ಥಾನದ ಹಬ್ಬವೂ ಕಳೆದ ಮೇಲೆ, ಬೀದರ, ಭಾಲ್ಕಿ, ಔರಾದ ಸೀಮೆಯ ನಮ್ಮ ಸಭೆಗಳಲ್ಲಿ ಮದುವೆಗಳ ಕಾಲವು ಬರುತ್ತದೆ. ಹೈದರಾಬಾದಿಗೂ ಪುಣೆಗೂ ಮುಂಬಯಿಗೂ ದುಡಿಯಲು ಹೋದವರು ಊರಿಗೆ ತಿರುಗಿ ಬರುತ್ತಾರೆ. ಉದಗೀರ, ದೇಗಲೂರ, ಜಹೀರಾಬಾದಿನ ಕಡೆಯ ಬೀಗರು ಬಂದು ಸೇರುತ್ತಾರೆ. ಒಂದೇ ಚಪ್ಪರದ ಕೆಳಗೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕೇಳಬರುತ್ತವೆ. ಇದು ಸಂತೋಷದ ಕಾಲವೇ ಸರಿ. ಆದರೂ ದಿನವನ್ನು ಗೊತ್ತುಮಾಡುವದಕ್ಕಾಗಿ ನಮ್ಮ ಬಳಿಗೆ ಬರುವ ತಂದೆತಾಯಿಗಳ ಮುಖದಲ್ಲಿ ಸಂತೋಷಕ್ಕಿಂತ ಲೆಕ್ಕದ ಚಿಂತೆಯೇ ಹೆಚ್ಚಾಗಿ ಕಾಣುತ್ತದೆ.

ಕಳೆದ ವರುಷ ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ, ಕೂಲಿ ಮಾಡಿ ಜೀವಿಸುವ ಒಬ್ಬ ಸಹೋದರನು ತನ್ನ ಹಿರಿಯ ಮಗಳ ಮದುವೆಯ ವಿಷಯ ಮಾತಾಡಲು ಬಂದನು. ನಾವು ಎಲ್ಲರಿಗೂ ಹೇಳುವಂತೆ ಅವನಿಗೂ, ಸಾಲ ಮಾಡಬೇಡ, ಸಾದಾ ಮದುವೆ ಮಾಡು ಎಂದು ಬುದ್ಧಿ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನೆ ಕೂತಿದ್ದು, ಕಡೆಗೆ ಹೀಗಂದನು: “ಮಾಸ್ತರ್‍ರೇ, ನಮಗ ಸಾದಾ ಮಾಡು ಅಂತೀರಿ. ಹ್ವಾದ ತಿಂಗಳ ಶಹರದಾಗ ನೌಕರಿದಾರರ ಮನಿ ಮದುವ್ಯಾಗ ನೀವು ಮುಂದಿನ ಕುರ್ಚಿ ಮ್ಯಾಲ ಕುಂತಿದ್ರಿ. ಅವರಿಗ್ಯಾಕ ಹೇಳಲಿಲ್ಲ? ಸಾದಾ ಅಂಬೋದು ಬಡವರಿಗಷ್ಟೇ ಏನ್ರಿ?”

ಅವನು ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದನು. ನಮಗೆ ಉತ್ತರ ಬರಲಿಲ್ಲ. ಹೊಳೆಯುವ ಬಟ್ಟೆ ತೊಟ್ಟವನನ್ನು ಒಳ್ಳೇ ಸ್ಥಳದಲ್ಲಿ ಕೂಡಿಸಿ ಬಡವನನ್ನು ಕಾಲ ಬಳಿಯಲ್ಲಿ ಕೂಡಿಸುವ ಸಭೆಯನ್ನು ಯಾಕೋಬನು ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಗದರಿಸುತ್ತಾನೆ. ಆ ಅಧ್ಯಾಯವನ್ನು ನಾವು ಎಷ್ಟೋ ಸಾರಿ ಬೋಧಿಸಿದ್ದೆವು. ಆ ದಿನ ಅದು ನಮ್ಮನ್ನೇ ಬೋಧಿಸಿತು. ಆದಕಾರಣ ಆ ಸಹೋದರನ ಪ್ರಶ್ನೆಯನ್ನು ವಾಚಕರ ಮುಂದಿಟ್ಟು, ಸಾದಾ ಮದುವೆಯು ಯಾರ ಕರ್ತವ್ಯ ಎಂಬದನ್ನು ವಿಚಾರಿಸೋಣ.

ಮೊದಲು, ಮದುವೆಯನ್ನು ಮದುವೆಯನ್ನಾಗಿ ಮಾಡುವದು ಯಾವದು? ಭಾರತೀಯ ಕ್ರೈಸ್ತ ವಿವಾಹದ ಕಾಯಿದೆಯು 1872ರದು. ಇಂದಿಗೂ ನಮ್ಮ ಮದುವೆಗಳು ಅದರ ಪ್ರಕಾರವೇ ನಡೆಯುತ್ತವೆ. ಮದಲಿಂಗನಿಗೆ 21, ಮದಲಗಿತ್ತಿಗೆ 18 ವರುಷ ತುಂಬಿರಬೇಕು. ಇಬ್ಬರಲ್ಲಿ ಯಾರಿಗೂ ಜೀವದಿಂದಿರುವ ಗಂಡನಾಗಲಿ ಹೆಂಡತಿಯಾಗಲಿ ಇರಬಾರದು. ಅಧಿಕಾರ ಹೊಂದಿದ ಸೇವಕನ ಮುಂದೆ, ನಂಬತಕ್ಕ ಇಬ್ಬರು ಸಾಕ್ಷಿಗಳ ಎದುರಿನಲ್ಲಿ, ಒಬ್ಬರನ್ನೊಬ್ಬರು ಸ್ವೀಕರಿಸುತ್ತೇವೆಂದು ಬಾಯಿಂದ ಹೇಳಬೇಕು. ರಿಜಿಸ್ಟರಿನಲ್ಲಿ ರುಜು ಬೀಳಬೇಕು. ಹೊತ್ತನ್ನು ಸಹ ಕಾಯಿದೆಯು ಹೇಳಿದೆ: ಸಾಮಾನ್ಯವಾಗಿ ಮುಂಜಾನೆ ಆರರಿಂದ ಸಾಯಂಕಾಲ ಏಳರೊಳಗೆ. ಇಷ್ಟೇ. ಊಟದ ಪಂಕ್ತಿ, ಬ್ಯಾಂಡು, ಮೆರವಣಿಗೆ, ಬಂಗಾರ, ಇವುಗಳಲ್ಲಿ ಒಂದನ್ನಾದರೂ ಸರಕಾರವು ಕೇಳುವದಿಲ್ಲ, ಸಭೆಯೂ ಕೇಳುವದಿಲ್ಲ. ವಯಸ್ಸಿನ ಕಾಗದವಿಲ್ಲದೆ ಮದುವೆ ನಿಂತೀತು, ಬ್ಯಾಂಡಿಲ್ಲದೆ ನಿಲ್ಲದು. ಹೀಗಿದ್ದರೂ ಕಾಗದವನ್ನು ಕಡೆಯ ವಾರದಲ್ಲಿ ಹುಡುಕುವವರು ಬ್ಯಾಂಡಿನವರಿಗೆ ಆರು ತಿಂಗಳ ಮುಂಚೆ ಸಂಚಕಾರ ಕೊಡುವದನ್ನು ನಾವು ನೋಡುತ್ತೇವೆ.

ಎರಡನೆಯದಾಗಿ, ಸಾಲದ ಮಾತು. ಸಾಹುಕಾರನಿಂದ ಒಬ್ಬನು ಮಗಳ ಮದುವೆಗೆ ಒಂದು ಲಕ್ಷ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಮೂರರಂತೆ ತಂದನೆನ್ನೋಣ. ತಿಂಗಳಿಗೆ 3,000 ಬಡ್ಡಿ, ವರುಷಕ್ಕೆ 36,000. ಎರಡು ವರುಷ ತಪ್ಪದೆ ಕೊಟ್ಟರೂ 72,000 ಹೋಗಿ, ಮೂಲವು ಇದ್ದ ಹಾಗೆಯೇ ಇರುವದು. ಸಾಲಕ್ಕೆ ಮನುಷ್ಯನನ್ನು ಕಟ್ಟಿಹಾಕುವ ಜೀತವನ್ನು 1976ರ ಕಾಯಿದೆಯು ತೆಗೆದುಹಾಕಿತು. ಆದರೆ ಒಂದು ದಿನದ ಊಟಕ್ಕಾಗಿ ಐದು ವರುಷದ ಕೂಲಿಯನ್ನು ಮುಂಗಡವಾಗಿ ಒತ್ತೆಯಿಡುವವನು ಕಾಯಿದೆಯು ಮುರಿದ ಸಂಕೋಲೆಯನ್ನು ತಾನೇ ಎತ್ತಿ ಕಾಲಿಗೆ ಹಾಕಿಕೊಂಡಂತಲ್ಲವೇ?

ನಮ್ಮ ಮನೆಯ ಸಂಗತಿಯನ್ನೇ ಹೇಳುವೆವು. ನಮ್ಮ ತಂಗಿಯ ಮದುವೆಗೆ ನಮ್ಮ ತಂದೆಯವರು ಒಂದು ಜೋಡಿ ಎತ್ತುಗಳನ್ನು ಮಾರಿದರು. ಆ ದಿನ ಏನು ಅಡಿಗೆಯಾಗಿತ್ತೆಂದು ಇಂದು ಕೇಳಿದರೆ, ಉಂಡುಹೋದವರಲ್ಲಿ ಒಬ್ಬರಿಗೂ ನೆನಪಿಲ್ಲ. ಮುಂದಿನ ಮೂರು ಬಿತ್ತನೆಗಳಲ್ಲಿ ತಂದೆಯವರು ಬಾಡಿಗೆಯ ಎತ್ತಿಗಾಗಿ ಮನೆಮನೆಗೆ ಹೋಗಿ, ಹದ ತಪ್ಪಿದ ಮೇಲೆ ತೊಗರಿ ಬಿತ್ತಿದ್ದು ಮಾತ್ರ ನಮಗೆ ಚೆನ್ನಾಗಿ ನೆನಪಿದೆ.

ನಮ್ಮ ಸೀಮೆಯ ಅನೇಕ ಸಭೆಗಳು ಮೆಥೊಡಿಸ್ಟ್ ಮಿಶನ್ನಿನ ಕೆಲಸದಿಂದ ಹುಟ್ಟಿ, ಈಗ 1981ರಲ್ಲಿ ಸ್ವತಂತ್ರವಾದ ಭಾರತದ ಮೆಥೊಡಿಸ್ಟ್ ಸಭೆಗೆ ಸೇರಿದವುಗಳು. ಆ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯು 1743ರಲ್ಲಿ ತನ್ನ ಸಂಘಗಳಿಗೆ ಸಾಮಾನ್ಯ ನಿಯಮಗಳನ್ನು ಬರೆದುಕೊಟ್ಟನು. ಬಿಡತಕ್ಕವುಗಳ ಪಟ್ಟಿಯಲ್ಲಿ ಅವನು ಬಂಗಾರವನ್ನೂ ಬೆಲೆಯುಳ್ಳ ಉಡುಪನ್ನೂ ಧರಿಸುವದನ್ನು ಹೇಳಿದನು; ತೀರಿಸುವ ದಾರಿ ಕಾಣದೆ ಸಾಲ ತರುವದನ್ನೂ ಹೇಳಿದನು. ವಾಚಕರು ಒಂದನ್ನು ಗಮನಿಸಬೇಕು. ಸಾಲದ ನಿಯಮವು ಇಲ್ಲದವನನ್ನು ಮುಟ್ಟುತ್ತದೆ, ಬಂಗಾರದ ನಿಯಮವು ಇದ್ದವನನ್ನು ಮುಟ್ಟುತ್ತದೆ. ಎರಡೂ ಒಂದೇ ಪಟ್ಟಿಯಲ್ಲಿವೆ. ನಾವೋ ಮೊದಲನೆಯದನ್ನು ಹಳ್ಳಿಯಲ್ಲಿ ಗಟ್ಟಿಯಾಗಿ ಓದಿ, ಎರಡನೆಯದನ್ನು ಶಹರದಲ್ಲಿ ಮೆಲ್ಲಗೆ ದಾಟಿಬಿಟ್ಟೆವು.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ, ಅದು ಹಗುರವಾದದ್ದಲ್ಲ. 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ನಮ್ಮ ಹಿರಿಯರಲ್ಲಿ ಅನೇಕರು ಬಿಟ್ಟಿ ಚಾಕರಿ ಮಾಡಿದವರು. ಕೇರಿಯ ಮದಲಿಂಗನು ಊರ ನಡುಬೀದಿಯಲ್ಲಿ ವಾದ್ಯದೊಡನೆ ಕುದುರೆಯೇರಿ ಹೋಗುವದೆಂದರೆ ಊರು ಸಹಿಸುತ್ತಿರಲಿಲ್ಲ. 1950ರಲ್ಲಿ ಸಂವಿಧಾನವು ಬಂದು ಅಸ್ಪೃಶ್ಯತೆಯನ್ನೂ ಬಿಟ್ಟಿ ಚಾಕರಿಯನ್ನೂ ನಿಷೇಧಿಸಿತು. ಈಗ ಮೊಮ್ಮಗನು ಬ್ಯಾಂಡು ಕಟ್ಟಿಸಿ ಅದೇ ಬೀದಿಯಲ್ಲಿ ಮೆರೆಯುವಾಗ, ಅವನು ಬರೇ ಆಡಂಬರ ಮಾಡುತ್ತಾನೆಂದು ಹೇಳಿಬಿಡಬಹುದೋ? ಅಜ್ಜನಿಗೆ ಸಿಕ್ಕದ ಮಾನವನ್ನು ಅವನು ಬೀದಿಯಿಂದ ಕೇಳಿ ತೆಗೆದುಕೊಳ್ಳುತ್ತಾನೆ. ಮಾನವೇ ಇಲ್ಲದೆ ತಲೆಮಾರುಗಳನ್ನು ಕಳೆದವರಿಗೆ, ಮಾನದ ಆಶೆಯನ್ನು ಬಿಡಿರೆಂದು ಹೇಳುವದು ಉಂಡವನು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ.

ಆದಕಾರಣ ಮಾನವು ಬೇಕು, ಇದರಲ್ಲಿ ಸಂಶಯವಿಲ್ಲ. ಆದರೆ ಮದುವೆಗೆ ಮಾನವು ಎಲ್ಲಿಂದ ಬರುತ್ತದೆ? ನಮ್ಮ ಜಿಲ್ಲೆಯ ಕಲ್ಯಾಣದಲ್ಲಿಯೇ ಹನ್ನೆರಡನೆಯ ಶತಮಾನದಲ್ಲಿ ಒಂದು ಮದುವೆ ನಡೆಯಿತು. ಚಮ್ಮಾರನಾದ ಹರಳಯ್ಯನ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳನ್ನು ಕೊಟ್ಟರೆಂದೂ, ಅದಕ್ಕಾಗಿ ಇಬ್ಬರು ತಂದೆಗಳೂ ಬಿಜ್ಜಳನ ಆಜ್ಞೆಯಿಂದ ಪ್ರಾಣ ಕೊಟ್ಟರೆಂದೂ ಶರಣರ ಪರಂಪರೆಯು ಹೇಳುತ್ತದೆ. ಅಲ್ಲಿ ಎಷ್ಟು ಮಂದಿ ಉಂಡರು, ಏನು ಬಂಗಾರ ಇಟ್ಟರು ಎಂಬದನ್ನು ಯಾರೂ ವಿಚಾರಿಸುವದಿಲ್ಲ. ಜನರು ಹೇಳುತ್ತ ಬಂದಿರುವದು, ಆ ಮದುವೆಯನ್ನು ಸರಿಯೆಂದು ಒಪ್ಪಿ ಜೊತೆಯಲ್ಲಿ ನಿಂತವರ ಮಾತು. ನಿಂತವರಿಂದ ಅದಕ್ಕೆ ಮಾನವು ಬಂತು.

ಇನ್ನೊಂದು ಸಂಗತಿಯನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ. 2020ರಲ್ಲಿ ಕೊರೋನಾ ವ್ಯಾಧಿಯ ದಿನಗಳಲ್ಲಿ, ಮದುವೆಗೆ 50 ಮಂದಿಗಿಂತ ಹೆಚ್ಚು ಕೂಡಬಾರದೆಂದು ಸರಕಾರವು ಆಜ್ಞಾಪಿಸಿತು. ಆ ದಿನಗಳಲ್ಲಿ ನೌಕರಿದಾರನ ಮಗಳೂ ಕೂಲಿಯವನ ಮಗಳೂ ಒಂದೇ ವಿಧದಿಂದ ಮದುವೆಯಾದರು. ಚಿಕ್ಕ ಮದುವೆ ಮಾಡಿದನೆಂದು ಯಾವ ತಂದೆಯೂ ತಲೆ ತಗ್ಗಿಸಲಿಲ್ಲ. ಯಾಕಂದರೆ ಅಳತೆಯು ಎಲ್ಲರಿಗೂ ಒಂದೇ ಆಗಿತ್ತು. ನಾಚಿಕೆಯು ಚಿಕ್ಕ ಮದುವೆಯಿಂದ ಹುಟ್ಟುವದಾಗಿದ್ದರೆ ಆ ವರುಷ ಊರೆಲ್ಲಾ ನಾಚಿಕೊಳ್ಳಬೇಕಾಗಿತ್ತು. ಪಕ್ಕದ ಮನೆಯ ದೊಡ್ಡ ಮದುವೆಯ ನೆರಳು ಬಿದ್ದಾಗಲೇ ಚಿಕ್ಕ ಮದುವೆಗೆ ನಾಚಿಕೆಯಾಗುತ್ತದೆ.

ಇದರಿಂದ ನಮಗೆ ತಿಳಿದುಬಂದದ್ದೇನಂದರೆ: ಸಾದಾತನವು ಒಂದು ಮನೆಯ ಗುಣವಾಗಿ ಉಳಿಯಲಾರದು, ಅದು ಸಭೆಯ ಒಡಂಬಡಿಕೆಯಾಗಬೇಕು. ಬಡವನೊಬ್ಬನೇ ಸಾದಾ ಮದುವೆ ಮಾಡಿದರೆ ಜನರು ಅದನ್ನು ಬಡತನವೆನ್ನುವರು. ಉಳ್ಳವನು ಮೊದಲು ಮಾಡಿದರೆ ಅದು ಪದ್ಧತಿಯಾಗುವದು. ಪದ್ಧತಿಯಾದ ಮೇಲೆ ಬಡವನಿಗೆ ಸಾಲದ ಅವಶ್ಯವೂ ಇಲ್ಲ, ನಾಚಿಕೆಯೂ ಇಲ್ಲ. ಆದಕಾರಣ ಈ ಕರ್ತವ್ಯವು ಕೂಲಿಯವನಿಂದ ಆರಂಭವಾಗತಕ್ಕದ್ದಲ್ಲ. ಸಂಬಳವುಳ್ಳವರಿಂದಲೂ ಸಭೆಯ ಹಿರಿಯರಿಂದಲೂ ಉಪದೇಶಕರಾದ ನಮ್ಮ ಮನೆಗಳಿಂದಲೂ ಅದು ಆರಂಭವಾಗಬೇಕು.

ಹಾಗಾದರೆ ಸಂತೋಷವೇ ಬೇಡವೋ ಎಂದು ಯೌವನಸ್ಥರು ಕೇಳಬಹುದು. ಕಾನಾ ಊರಿನ ಮದುವೆಯನ್ನು ನೆನಸಿರಿ. ನಮ್ಮ ಕರ್ತನು ಕರೆಗೆ ಒಪ್ಪಿ ಊಟಕ್ಕೆ ಹೋದನು. ದ್ರಾಕ್ಷಾರಸವು ಮುಗಿದಾಗ, ಲೆಕ್ಕ ತಪ್ಪಿದಿ ಎಂದು ಆತನು ಮನೆಯವನನ್ನು ಗದರಿಸಲಿಲ್ಲ, ಕೊರತೆಯನ್ನು ತುಂಬಿಸಿದನು. ಅದೂ ಹೇಗೆ? ಊಟದ ಪಾರುಪತ್ಯಗಾರನಿಗೆ ಸಹ ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ನೀರು ತಂದ ಆಳುಗಳಿಗೆ ಮಾತ್ರ ತಿಳಿದಿತ್ತು. ಬಡವನ ಮಾನವನ್ನು ಮುಚ್ಚುವ ಸಹಾಯವು ಹೀಗಿರಬೇಕು. ಬುರುಜು ಕಟ್ಟುವವನು ಮೊದಲು ಕೂತುಕೊಂಡು ಖರ್ಚನ್ನು ಎಣಿಸಬೇಕೆಂಬ ಬೋಧನೆಯೂ, ತಿರಿಗಿ ಕರೆಯಲಾರದ ಬಡವರನ್ನು ಊಟಕ್ಕೆ ಕರೆಯಬೇಕೆಂಬ ಬೋಧನೆಯೂ ಲೂಕನ ಸುವಾರ್ತೆಯ ಒಂದೇ 14ನೆಯ ಅಧ್ಯಾಯದಲ್ಲಿವೆ. ಎಣಿಸುವ ಬುದ್ಧಿಯೂ ಬಡಿಸುವ ಮನಸ್ಸೂ ಒಂದಕ್ಕೊಂದು ವೈರಿಗಳಲ್ಲ.

ಈ ವಿಚಾರವು ಕಾಗದದ ಮೇಲೆಯೇ ನಿಲ್ಲಬಾರದಾದ್ದರಿಂದ, ಪ್ರತಿ ಸಭೆಯವರು ಒಂದು ರವಿವಾರ ಆರಾಧನೆಯ ಮೇಲೆ ಹೆಂಗಸರನ್ನೂ ಕೂಡಿಸಿಕೊಂಡು ಮಾತಾಡಬೇಕೆಂದು ಬೇಡುತ್ತೇವೆ. ಉಳ್ಳವರ ಮನೆಯಲ್ಲಿಯೂ ಇಲ್ಲದವರ ಮನೆಯಲ್ಲಿಯೂ ಮದುವೆಯ ಊಟವು ಒಂದೇ ಆಗಿರಲಿ: ರೊಟ್ಟಿ, ಪಲ್ಯ, ಅನ್ನ, ತೊಗರಿ ಬೇಳೆಯ ಸಾರು, ಒಂದು ಸಿಹಿ. ಮನೆಗೊಂದು ಸೇರು ಜೋಳವೋ ಬೇಳೆಯೋ ಬರಲಿ. ರೊಟ್ಟಿಯನ್ನು ಸಭೆಯ ಹೆಂಗಸರು ಕೂಡಿ ಬಡಿಯಲಿ. ಬಡಿಸುವ ಕೆಲಸವನ್ನು ಯೌವನಸ್ಥರು ಹೊತ್ತುಕೊಳ್ಳಲಿ. ದೊಡ್ಡ ಪಾತ್ರೆಗಳನ್ನೂ ಜಮಖಾನೆಗಳನ್ನೂ ಸಭೆಯು ಒಮ್ಮೆ ಕೊಂಡಿಟ್ಟರೆ ಪ್ರತಿ ಮದುವೆಗೂ ಬಾಡಿಗೆ ಉಳಿಯುವದು. ಮೆರವಣಿಗೆ ಬೇಕೆಂದರೆ ಇಡೀ ಸಭೆಯು ನಮ್ಮದೇ ಡೋಲಕ ತಾಳಗಳೊಡನೆ ಹಾಡುತ್ತಾ, ಮದಲಿಂಗ ಮದಲಗಿತ್ತಿಯರನ್ನು ನಡುಬೀದಿಯಿಂದಲೇ ದೇವಾಲಯಕ್ಕೆ ಕರೆತರಲಿ. ಅಜ್ಜನಿಗೆ ಮುಚ್ಚಿದ್ದ ಬೀದಿಯಲ್ಲಿ ಮೊಮ್ಮಗನು ತನ್ನ ಸಭೆಯೊಡನೆ ನಡೆಯುವದಕ್ಕಿಂತ ದೊಡ್ಡ ಮಾನ ಯಾವದು?

ಮುಯ್ಯಿಯ ವಿಷಯವೂ ಇದೆ. ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗುವ ಪದ್ಧತಿಯಿಂದ ಹತ್ತು ರೂಪಾಯಿ ತಂದ ವಿಧವೆಯು ನಾಚಿಕೊಳ್ಳುತ್ತಾಳೆ, ಸಾವಿರ ಪಡೆದವನು ನಾಳೆ ಅದನ್ನು ತಿರಿಗಿ ಕೊಡುವ ಸಾಲಗಾರನಾಗುತ್ತಾನೆ. ಹೆಸರಿಲ್ಲದ ಲಕ್ಕೋಟೆಗಳು ಒಂದೇ ಪೆಟ್ಟಿಗೆಯಲ್ಲಿ ಬೀಳಲಿ. ವರದಕ್ಷಿಣೆಯನ್ನಂತೂ ಹುಂಡಾ ಎಂದು ಕರೆದರೂ, ಹುಡುಗನ ಗಾಡಿಗೆ ಎಂದು ಕರೆದರೂ, ಅದು ಅದೇ. ಕೊಡುವವನನ್ನೂ ತೆಗೆದುಕೊಳ್ಳುವವನನ್ನೂ 1961ರ ಕಾಯಿದೆಯು ಅಪರಾಧಿಗಳೆಂದು ಎಣಿಸಿ ಸೆರೆಯ ಶಿಕ್ಷೆಯನ್ನು ವಿಧಿಸುತ್ತದೆ. ಕಾಯಿದೆಯ ಮಾತು ಹಾಗಿರಲಿ. ಬೆಲೆ ಕಟ್ಟಿಸಿಕೊಂಡು ಬಂದ ಮದಲಿಂಗನು ದೇವರ ಮುಂದೆ ತನ್ನನ್ನು ಕೊಡುತ್ತೇನೆಂದು ಹೇಗೆ ಹೇಳಿಯಾನು?

ಬೀದರಿನ ಬಿದರಿ ಪಾತ್ರೆಯನ್ನು ವಾಚಕರು ನೋಡಿರುವರು. ಸತುವು ತಾಮ್ರಗಳನ್ನು ಬೆರಸಿ ಎರಕ ಹೊಯ್ದು, ಬೆಳ್ಳಿಯ ಎಳೆಗಳನ್ನು ಕೂಡಿಸಿ, ಕೋಟೆಯ ಮಣ್ಣಿನಿಂದ ಮೈಯನ್ನು ಕಪ್ಪು ಮಾಡುತ್ತಾರೆ. ಮೈಯೆಲ್ಲಾ ಹೊಳೆದರೆ ಹೂಬಳ್ಳಿ ಕಾಣಿಸದು. ಮೈ ಕಪ್ಪಾಗಿರುವದರಿಂದ ಸಣ್ಣ ಎಳೆಯೂ ಕಾಣುತ್ತದೆ. ಮದುವೆಯಲ್ಲಿ ಬೆಳ್ಳಿಯ ಎಳೆಯೆಂದರೆ ಆ ಇಬ್ಬರು ಆಡುವ ಮಾತು. ಡೋಲುಗಳ ಗದ್ದಲದಲ್ಲಿ ಅದು ಯಾರಿಗೂ ಕೇಳಿಸದೆ ಹೋದ ಮದುವೆಗಳನ್ನು ನಾವು ನಡಿಸಿದ್ದೇವೆ.

ನಮಗೊಬ್ಬ ಮಗಳಿದ್ದಾಳೆ, ಕೆಲವು ವರುಷಗಳಲ್ಲಿ ಅವಳ ಮದುವೆಯ ಕಾಲವೂ ಬರುವದು. ಈ ಲೇಖನದಲ್ಲಿ ಬರೆದ ಪ್ರಕಾರವೇ ಮಾಡುವೆವೆಂದು ನಾವು ಮನೆಯಲ್ಲಿ ಹೇಳಿದಾಗ, ಅವಳ ತಾಯಿಯು, ಜನರು ನಮ್ಮನ್ನು ಜಿಪುಣರೆನ್ನುವರು ಎಂದು ಒಂದು ಹೊತ್ತು ಅತ್ತಳು. ಆ ಕಣ್ಣೀರಿನಿಂದ, ಆ ಕೂಲಿಯ ಸಹೋದರನಿಗೆ ನಾವು ಎಷ್ಟು ಸುಲಭವಾಗಿ ಬುದ್ಧಿ ಹೇಳಿದ್ದೆವೆಂಬದು ತಿಳಿಯಿತು. ಆದರೂ ಈ ಮಾತನ್ನು ಎಲ್ಲರ ಮುಂದೆ ಬರೆದಿದ್ದೇವೆ. ತಪ್ಪಿದರೆ ವಾಚಕರು ನಮ್ಮನ್ನು ಕೇಳಬಹುದು.

ಆ ಸಹೋದರನು ಕಡೆಗೆ ಸಾಲ ತಂದೇ ಮದುವೆ ಮಾಡಿದನು. ಬೇಡವೆನ್ನುವ ಬಾಯಿ ನಮಗಿರಲಿಲ್ಲ. ಈಗ ಅವನೂ ಅವನ ಹೆಂಡತಿಯೂ ಬಡ್ಡಿ ಕಟ್ಟುವದಕ್ಕಾಗಿ ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದಾರೆ; ಊರಿನ ಸಭೆಯಲ್ಲಿ ಅವರು ಕೂತುಕೊಳ್ಳುತ್ತಿದ್ದ ಸ್ಥಳವು ಬರಿದಾಗಿದೆ. ಅವರ ಎರಡನೆಯ ಮಗಳು ಅಜ್ಜಿಯ ಬಳಿಯಲ್ಲಿದ್ದು ಶಾಲೆಗೆ ಹೋಗುತ್ತಾಳೆ. ಆಕೆಯ ಮದುವೆಯ ಮಾತು ಬರುವದಕ್ಕೆ ಮುಂಚೆ ಅವಳ ತಂದೆಯ ಪ್ರಶ್ನೆಗೆ ನಮ್ಮ ಸಭೆಗಳ ಉತ್ತರವು ಸಿದ್ಧವಾಗಿರಲಿ ಎಂಬದೇ ನಮ್ಮ ಪ್ರಾರ್ಥನೆ.