ಗಡಿಯಿಲ್ಲದ ಜೀವದಯೆ

॥ ಶ್ರೀ ವೀತರಾಗಾಯ ನಮಃ ॥

ಜಿನಾಗಮವು ಜೀವರಾಶಿಯನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸಿದೆಯೇ ಹೊರತು ನಾಡು, ನುಡಿ, ಗಡಿಗಳಿಂದಲ್ಲ. ಪೃಥ್ವೀಕಾಯಿಕ, ಜಲಕಾಯಿಕ, ಅಗ್ನಿಕಾಯಿಕ, ವಾಯುಕಾಯಿಕ, ವನಸ್ಪತಿಕಾಯಿಕಗಳೆಂಬ ಸ್ಥಾವರ ಜೀವಗಳಿಂದ ಹಿಡಿದು ಪಂಚೇಂದ್ರಿಯ ಜೀವಗಳವರೆಗೆ ಎಲ್ಲವೂ ಚೇತನಗಳೇ. ಈ ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿವೆ ಎಂಬುದನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಬೋಧಿಸಿರುವರು. ಬಸದಿಯಲ್ಲಿ ಕೈಮುಗಿದು ನಿಂತ ಭಕ್ತನಿಗೆ ಜಿನಬಿಂಬದ ಪೀಠವೂ ಇದನ್ನೇ ನೆನಪಿಸುತ್ತದೆ. ಆದಿನಾಥರಿಗೆ ವೃಷಭ, ಶಾಂತಿನಾಥರಿಗೆ ಜಿಂಕೆ, ಮುನಿಸುವ್ರತರಿಗೆ ಆಮೆ, ಮಹಾವೀರರಿಗೆ ಸಿಂಹ ಲಾಂಛನವಾಗಿವೆ.

ಜೀವಕ್ಕೆ ಗಡಿಯಿಲ್ಲವೆಂಬುದಕ್ಕೆ ಅಮೂರ್ ಚಾಣವೆಂಬ ಪುಟ್ಟ ಹಕ್ಕಿಯೇ ಸಾಕ್ಷಿ. ಅದರ ತೂಕ ಸುಮಾರು 150 ಗ್ರಾಂ. ಆಗ್ನೇಯ ಸೈಬೀರಿಯ ಮತ್ತು ಉತ್ತರ ಚೀನಾದ ಕಡೆ ಮರಿ ಮಾಡಿ, ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಭಾರತದ ಈಶಾನ್ಯ ರಾಜ್ಯಗಳಲ್ಲಿ ತಂಗಿ, ಬಳಿಕ ಅರಬ್ಬೀ ಸಮುದ್ರವನ್ನು ದಾಟಿ ಆಫ್ರಿಕದ ದಕ್ಷಿಣ ಭಾಗವನ್ನು ಅದು ಸೇರುತ್ತದೆ. 2012ರಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ತಂಗಿದ ಈ ಹಕ್ಕಿಗಳನ್ನು ಬಲೆಯೊಡ್ಡಿ ಹಿಡಿದು ಮಾಂಸಕ್ಕಾಗಿ ಕೊಲ್ಲಲಾಯಿತು. ಸತ್ತವುಗಳ ಸಂಖ್ಯೆ ಲಕ್ಷಕ್ಕೂ ಮಿಕ್ಕಿತ್ತೆಂದು ಅಂದಾಜಿಸಲಾಯಿತು.

ಮುಂದೆ ನಡೆದುದು ಧರ್ಮಬಾಂಧವರೆಲ್ಲರೂ ಮನನ ಮಾಡತಕ್ಕ ಸಂಗತಿ. ಪಾಂಗ್ತಿ ಮೊದಲಾದ ಗ್ರಾಮಗಳ ಹಿರಿಯರು ಸಭೆ ಸೇರಿದರು. ಚರ್ಚುಗಳಲ್ಲಿಯೂ ಬುದ್ಧಿಮಾತು ಹೇಳಲಾಯಿತು. ಆ ಬೇಟೆ ಅನೇಕ ಮನೆಗಳಿಗೆ ಆದಾಯವಾಗಿತ್ತು. ಆದರೂ ಅದನ್ನು ಬಿಟ್ಟುಕೊಟ್ಟರು. ಮರುವರ್ಷವೇ ಆ ಹತ್ಯಾಕಾಂಡ ನಿಂತಿತು. 2013ರ ನವೆಂಬರಿನಲ್ಲಿ ಭಾರತದ ಮತ್ತು ಹಂಗೆರಿಯ ವಿಜ್ಞಾನಿಗಳು ಮೂರು ಹಕ್ಕಿಗಳಿಗೆ ಉಪಗ್ರಹದ ಮೂಲಕ ದಾರಿ ತಿಳಿಸುವ ಸಾಧನವನ್ನು ತೊಡಿಸಿ, ಅವುಗಳಿಗೆ ನಾಗಾ, ವೋಖಾ, ಪಾಂಗ್ತಿ ಎಂದು ಆ ನೆಲದ ಹೆಸರುಗಳನ್ನೇ ಇಟ್ಟರು. ಬಲೆ ಹಾಕಿದ ಊರಿನ ಹೆಸರು ಹೊತ್ತು ಹಕ್ಕಿ ಕಡಲು ದಾಟಿತು. ಸೈಬೀರಿಯದಲ್ಲಿ ಗೂಡನ್ನು ಕಾಯ್ದು, ಭಾರತದಲ್ಲಿ ಬಲೆಯೊಡ್ಡಿದರೆ ಆ ರಕ್ಷಣೆ ನಿಷ್ಫಲ. ಒಂದು ಜೀವದ ರಕ್ಷಣೆಗೆ ಹಲವು ದೇಶಗಳು ಒಟ್ಟಾಗಿ ವ್ರತ ತೊಡಬೇಕಾಗುತ್ತದೆ.

ಅಂಥ ವ್ರತವೇ ಜೀವವೈವಿಧ್ಯ ಒಡಂಬಡಿಕೆ. 1992ರಲ್ಲಿ ಬ್ರೆಜಿಲಿನ ರಿಯೊ ನಗರದಲ್ಲಿ ಸಹಿಗೆ ತೆರೆದ ಇದು 1993ರ ಡಿಸೆಂಬರ್ 29ರಂದು ಜಾರಿಗೆ ಬಂದಿತು. ಜೀವವೈವಿಧ್ಯವನ್ನು ಉಳಿಸುವುದು, ಮಿತವರಿತು ಬಳಸುವುದು, ಬಂದ ಲಾಭವನ್ನು ನ್ಯಾಯವಾಗಿ ಹಂಚಿಕೊಳ್ಳುವುದು ಅದರ ಮೂರು ಗುರಿಗಳು. ಮೊದಲನೆಯದರಲ್ಲಿ ಅಹಿಂಸೆಯೂ, ಎರಡನೆಯದರಲ್ಲಿ ಭೋಗೋಪಭೋಗ ಪರಿಮಾಣವೂ, ಮೂರನೆಯದರಲ್ಲಿ ಅಚೌರ್ಯವೂ ಶ್ರಾವಕನ ಕಣ್ಣಿಗೆ ಕಾಣದಿರವು. ಕಾಡಿನ ಜನರ ಮೂಲಿಕೆಯ ಅರಿವನ್ನು ಅವರನ್ನು ಕೇಳದೆ ಕೊಂಡೊಯ್ದು ಹಣ ಮಾಡುವುದು ಅದತ್ತಾದಾನವಲ್ಲದೆ ಮತ್ತೇನು? ಆದರೂ ಈ ಒಡಂಬಡಿಕೆ ಮುನಿಗಳ ಮಹಾವ್ರತವಲ್ಲ. ಇದು ಬಳಕೆಯನ್ನು ಪೂರ್ಣವಾಗಿ ಬಿಡಿಸುವುದಿಲ್ಲ, ಮಿತಿಯನ್ನು ಹಾಕುತ್ತದೆ. ಗೃಹಸ್ಥನಿಗೆ ಅಣುವ್ರತವಿರುವಂತೆ ಇದು ರಾಷ್ಟ್ರಗಳ ಅಣುವ್ರತ.

ವ್ರತವಿದ್ದಲ್ಲಿ ಅತಿಚಾರವೂ ಉಂಟು. 2010ರಲ್ಲಿ ಜಪಾನಿನ ಐಚಿ ಪ್ರಾಂತದ ನಗೋಯದಲ್ಲಿ ಸೇರಿದ ರಾಷ್ಟ್ರಗಳು 2020ರೊಳಗೆ ಸಾಧಿಸಬೇಕೆಂದು 20 ಗುರಿಗಳನ್ನು ಸಂಕಲ್ಪಿಸಿದವು. ಅವಧಿ ಮುಗಿದಾಗ ಜಾಗತಿಕ ಮಟ್ಟದಲ್ಲಿ ಅವುಗಳಲ್ಲಿ ಒಂದೂ ಪೂರ್ಣವಾಗಿ ನೆರವೇರಿರಲಿಲ್ಲ. ವ್ರತಭಂಗವಾದಾಗ ಶ್ರಾವಕನು ವ್ರತವನ್ನೇ ತೊರೆಯುವುದಿಲ್ಲ. ಆಲೋಚನೆ, ಪ್ರತಿಕ್ರಮಣಗಳಿಂದ ತಪ್ಪನ್ನು ಒಪ್ಪಿ ಮರಳಿ ನಿಲ್ಲುತ್ತಾನೆ. 2022ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ರಾಷ್ಟ್ರಗಳು ಮರಳಿ ಸಂಕಲ್ಪ ತೊಟ್ಟವು: 2030ರೊಳಗೆ ನೆಲ-ಜಲಗಳ ಶೇಕಡಾ 30 ಭಾಗದ ಸಂರಕ್ಷಣೆ, ಕೀಟನಾಶಕಗಳಿಂದಾಗುವ ಅಪಾಯವನ್ನು ಅರ್ಧಕ್ಕಿಳಿಸುವುದು, ಆಹಾರದ ಪೋಲನ್ನು ಅರ್ಧಕ್ಕಿಳಿಸುವುದು ಆ 23 ಗುರಿಗಳಲ್ಲಿ ಸೇರಿವೆ. ಇದು ನಿಜವಾದ ಪ್ರತಿಕ್ರಮಣವೋ ಬರಿಯ ಬಾಯಿಪಾಠವೋ ಎಂಬುದನ್ನು ನಡತೆಯೇ ಹೇಳಬೇಕು.

ದೊಡ್ಡ ರಾಷ್ಟ್ರಗಳ ಮಾತಿನಲ್ಲಿ ವಯನಾಡಿನ ಶ್ರಾವಕ ಕುಟುಂಬಕ್ಕೆ ಏನು ಪಾತ್ರವೆಂದು ಕೇಳಬಹುದು. ಕೃತ, ಕಾರಿತ, ಅನುಮೋದನೆ ಎಂದು ಹಿಂಸೆಯ ಹೊಣೆ ಮೂರು ಬಗೆಯದು. ತಾನು ಮರ ಕಡಿಯದಿದ್ದರೂ, ಕಾಡು ಕಡಿದು ಬೆಳೆದುದನ್ನು ಅರಿತೂ ಕೊಳ್ಳುವವನು ಪೂರ್ಣ ನಿರ್ದೋಷಿಯಲ್ಲ. 1986ರಲ್ಲಿ ಘೋಷಿತವಾದ ನೀಲಗಿರಿ ಜೀವಗೋಲ ಮೀಸಲು ಪ್ರದೇಶವು ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ 5,520 ಚದರ ಕಿಲೋಮೀಟರ್ ಹಬ್ಬಿದ್ದು, ವಯನಾಡಿನ ಕಾಡೂ ಅದರಲ್ಲಿ ಸೇರಿದೆ. ಅಲ್ಲಿಯ ಆನೆಗೆ ಮೂರು ರಾಜ್ಯಗಳೂ ಒಂದೇ ಮನೆ. ಕಾಫಿ ತೋಟದ ನೆರಳಿನ ಮರಗಳನ್ನು ಉಳಿಸುವುದು, ಮೆಣಸಿನ ಬಳ್ಳಿಗೆ ವಿಷ ಸಿಂಪಡಿಸುವ ಮುನ್ನ ಅದರಿಂದ ಸಾಯುವ ಸಣ್ಣ ಜೀವಗಳನ್ನು ನೆನೆಯುವುದು, ಪೂಜೆಯ ಊಟದಲ್ಲಿ ಅನ್ನ ಚೆಲ್ಲದಿರುವುದು ಇವೆಲ್ಲ ಮಾಂಟ್ರಿಯಲ್ಲಿನ ಸಂಕಲ್ಪಕ್ಕೆ ಮನೆಯಿಂದ ಸಲ್ಲುವ ಕಾಣಿಕೆ.

2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯತಿಗಳಲ್ಲಿ ಜನರ ಅರಿವಿನಿಂದ ಜೀವವೈವಿಧ್ಯ ದಾಖಲೆ ಸಿದ್ಧಪಡಿಸುವ ಏರ್ಪಾಡಿದೆ. ಅಜ್ಜ ನೇರಳೆ ಎಂದ ಮರವನ್ನು ಮೊಮ್ಮಗಳು ಮಲಯಾಳದಲ್ಲಿ ಞಾವಲ್ ಎನ್ನುವಳು, ಗಡಿಯಾಚೆಯ ಬಂಧು ತಮಿಳಿನಲ್ಲಿ ನಾವಲ್ ಎನ್ನುವನು. ಹೆಸರು ಮೂರು, ಮರ ಒಂದು. ಅನೇಕಾಂತದ ಪಾಠ ಅಂಗಳದಲ್ಲಿಯೇ ಇದೆ. ಅಜ್ಜನ ಅರಿವು ಅಜ್ಜನೊಡನೆ ಮರೆಯಾಗುವ ಮುನ್ನ ಆ ದಾಖಲೆಯನ್ನು ಸೇರಲಿ.

ಈ ಮಹೋತ್ಸವದಲ್ಲಿ ಅಭಿಷೇಕದ ಜಲವನ್ನು ಶಿರದಲ್ಲಿ ಧರಿಸುವ ಪ್ರತಿಯೊಂದು ಕುಟುಂಬವೂ ಒಂದು ಬಳಕೆಗೆ ಒಂದು ಮಿತಿಯನ್ನು ಸಂಕಲ್ಪಿಸಲಿ. ಮಿತಿ ಚಿಕ್ಕದಾದರೂ ಪಾಲನೆ ದೃಢವಾಗಿರಲಿ. ಸಕಲ ಜೀವರಾಶಿಗೂ ಮಂಗಳವಾಗಲಿ.

ಜೈ ಜಿನೇಂದ್ರ.