ಕ್ರೆಡಿಟ್ ಯಾರದ್ದು?

ತಿಂಗಳ ಕೊನೆಗೆ ಮೊಬೈಲ್ ಟಿಂಗ್ ಅನ್ನುತ್ತೆ: ಸಂಬಳ ಕ್ರೆಡಿಟ್ ಆಗಿದೆ. ವಾರ ಕಳೆಯೋದ್ರಲ್ಲಿ ಅದರ ಅರ್ಧ ಕ್ರೆಡಿಟ್ ಕಾರ್ಡಿನ ಬಿಲ್ಲಿಗೆ ಹೋಗಿರುತ್ತೆ. ಬಂದ ದುಡ್ಡಿಗೂ ಅದೇ ಪದ, ಮಾಡಿದ ಸಾಲಕ್ಕೂ ಅದೇ ಪದ! ಇದೇನು ವಿಚಿತ್ರ ಅಂತ ಕಾಮರ್ಸ್ ಓದಿದ ಗೆಳೆಯನನ್ನು ಕೇಳಿದೆ. ‘ವಿಚಿತ್ರ ಏನಿಲ್ಲ ಮಾರಾಯ. ನಿನ್ನ ಖಾತೆಗೆ ಕ್ರೆಡಿಟ್ ಆಯ್ತು ಅಂದ್ರೆ, ಬ್ಯಾಂಕು ನಿನಗೆ ಅಷ್ಟು ಕೊಡಬೇಕು ಅಂತ ಬರೆದುಕೊಂಡಿದೆ, ಅಷ್ಟೇ’ ಅಂದ. ಅಂದರೆ ಎರಡೂ ಕಡೆ ಒಬ್ಬರು ಇನ್ನೊಬ್ಬರಿಗೆ ಬಾಕಿ.

ಈ ಪದದ ಲ್ಯಾಟಿನ್ ಬೇರಿಗೆ ‘ನಂಬು’ ಅನ್ನೋ ಅರ್ಥ. ನಮ್ಮೂರ ಕಿರಾಣಿ ಅಂಗಡಿ ಶೆಟ್ಟರಿಗೆ ಲ್ಯಾಟಿನ್ ಗೊತ್ತಿರಲಿಲ್ಲ. ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡ್ ಹಾಕಿಕೊಂಡೇ ಅಪ್ಪನಿಗೆ ವರ್ಷಗಟ್ಟಲೆ ಉದ್ರಿ ಕೊಟ್ಟರು. ಅಪ್ಪ ಬ್ಯಾಂಕ್ ಸಾಲ ತೆಗೆದವರೇ ಅಲ್ಲ, ಹಾಗಾಗಿ ಅವರಿಗೆ ಸಿಬಿಲ್ ಸ್ಕೋರೇ ಇಲ್ಲ. 300ರಿಂದ 900ರವರೆಗಿನ ಆ ಅಳತೆಯಲ್ಲಿ ನನ್ನದು 780. ಇಎಂಐ ತಪ್ಪಿಸಿಲ್ಲ ಅನ್ನೋದಷ್ಟೇ ಅದರ ಗುಟ್ಟು. ಸಾಲವನ್ನೇ ಮಾಡದವನನ್ನು ನಂಬೋಕೆ ಆ ಯಂತ್ರದ ಹತ್ತಿರ ದಾರಿಯೇ ಇಲ್ಲ.

ಆದರೆ ನನ್ನನ್ನು ಕಾಡ್ತಿರೋದು ಈ ಪದದ ಇನ್ನೊಂದು ಅರ್ಥ. ಕಳೆದ ತಿಂಗಳು ಆಫೀಸಿನಲ್ಲಿ ಒಂದು ರಿಪೋರ್ಟ್ ಆಯ್ತು. ಎರಡು ವಾರ ರಾತ್ರಿಯೆಲ್ಲಾ ಕೂತು ಮಾಡಿದ್ದು ಟೀಮಿಗೆ ಹೊಸದಾಗಿ ಸೇರಿದ ಹುಡುಗಿ. ‘ನೀವೇ ಪ್ರೆಸೆಂಟ್ ಮಾಡಿ ಸರ್, ನಂಗೆ ಭಯ ಆಗುತ್ತೆ’ ಅಂತ ಫೈಲ್ ನನ್ನ ಕೈಗಿಟ್ಟಳು. ಮೀಟಿಂಗಿನಲ್ಲಿ ಮ್ಯಾನೇಜರ್ ‘ಒಳ್ಳೆ ಕೆಲಸ ಮಾಡಿದ್ದೀಯ’ ಅಂದರು. ನಾನು ‘ಥ್ಯಾಂಕ್ಸ್’ ಅಂದೆ. ಅವಳ ಹೆಸರು ಹೇಳೋಕೆ ಎರಡು ಸೆಕೆಂಡ್ ಸಾಕಿತ್ತು. ಹೇಳಲಿಲ್ಲ. ಅವಳು ಮೂಲೆಯ ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪ್ ನೋಡ್ತಿದ್ದಳು.

ಸುಳ್ಳು ಹೇಳಿಲ್ಲವಲ್ಲ, ಸುಮ್ಮನಿದ್ದೆ ಅಷ್ಟೇ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಗೆಳೆಯ ಹೇಳಿದ ಲೆಕ್ಕ ಇಲ್ಲಿಗೂ ಒಪ್ಪುತ್ತೆ. ನನಗೆ ಬಂದ ಕ್ರೆಡಿಟ್ ನನ್ನ ಸಂಪಾದನೆಯಲ್ಲ, ಅವಳಿಗೆ ನಾನು ಕೊಡಬೇಕಾದ ಬಾಕಿ. ಅದೂ ಅವಳು ನಂಬಿ ಕೊಟ್ಟಿದ್ದು.

ನಿನ್ನೆ ಮ್ಯಾನೇಜರಿಗೆ ಮೇಲ್ ಹಾಕಿದೆ, ಅವಳಿಗೂ ಕಾಪಿ ಇಟ್ಟೆ. ಒಂದು ತಿಂಗಳು ತಡ. ಅವಳು ‘ಪರ್ವಾಗಿಲ್ಲ ಸರ್’ ಅಂತ ಉತ್ತರ ಕಳಿಸಿದಳು. ಆದರೆ ಮುಂದಿನ ಫೈಲ್ ನನ್ನ ಕೈಗೆ ಕೊಡಲಿಲ್ಲ, ತಾನೇ ಪ್ರೆಸೆಂಟ್ ಮಾಡ್ತೀನಿ ಅಂದಳು. ಸರಿಯೇ. ನನ್ನ 780 ಮಾತ್ರ ಹಾಗೇ ಇದೆ.