ಬದುವಿನ ನುಗ್ಗಿ

ನಿರ್ಣಾ ಊರಿನ ಹೊಲದ ಬದುವಿನ ನುಗ್ಗಿ ಗಿಡಕ್ಕೆ ಯಾರೂ ನೀರುಣಿಸುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಕಾಯಿ ಬಿಟ್ಟಾಗಷ್ಟೇ ಅದು ಕಣ್ಣಿಗೆ ಬೀಳುತ್ತದೆ. ಕಾಯಿಗೆ ಸಂತೆಯಲ್ಲಿ ದರ ಉಂಟು, ತಪ್ಪಲಿಗಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಬೀಗರ ತಾಟಿಗೆ ಬಡಿಸಲು ನಮಗೆ ನಾಚಿಕೆ.

*

ಅದೇ ತಪ್ಪಲು ಒಣಗಿ ಪುಡಿಯಾಗಿ, ಡಬ್ಬಿ ಸೇರಿ, ಹೊಸ ಹೆಸರು ಹೊತ್ತು ಬಂದರೆ ನಾಚಿಕೆ ಮಾಯ.

*

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ಹಸಿ ನುಗ್ಗಿ ಸೊಪ್ಪಿನಲ್ಲಿ ಪ್ರೋಟೀನ್ ಸುಮಾರು 6 ಗ್ರಾಂ, ಕ್ಯಾಲ್ಸಿಯಂ 300 ಮಿಲಿಗ್ರಾಂಗೂ ಹೆಚ್ಚು, ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ, ವಿಟಮಿನ್ ಸಿ ನೂರರ ಮೇಲೆ. ಅಷ್ಟೇ ತೂಕದ ಎಮ್ಮೆ ಹಾಲಿಗಿಂತ ಕ್ಯಾಲ್ಸಿಯಂ ದುಪ್ಪಟ್ಟು ಮೀರುತ್ತದೆ. ಆದರೆ ಒಂದೇ ಹೊತ್ತಿಗೆ 100 ಗ್ರಾಂ ತಪ್ಪಲು ಉಂಡವರನ್ನು ನಾನು ಕಂಡಿಲ್ಲ. ಪಲ್ಯಕ್ಕೆ ಒಬ್ಬರ ಪಾಲು 30 ಗ್ರಾಂ ಎಂದುಕೊಂಡರೆ ದಕ್ಕುವ ಕಬ್ಬಿಣ ಒಂದೂವರೆ ಮಿಲಿಗ್ರಾಂ ಒಳಗೇ. ಹೆಣ್ಣುಮಗಳಿಗೆ ದಿನಕ್ಕೆ 29 ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49ರ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ತಪ್ಪಲು ಉಣ್ಣಿರಿ, ಆದರೆ ಆಶಾ ಅಕ್ಕ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಮಾಡದಲ್ಲಿಟ್ಟು ಮರೆಯಬೇಡಿ.

*

ಹಸಿ ಎಲೆಯ ತೂಕದಲ್ಲಿ ಮುಕ್ಕಾಲು ಪಾಲು ನೀರು. ನೀರು ಹಾರಿದ ಪುಡಿಯನ್ನು ನೀರು ತುಂಬಿದ ಕಿತ್ತಳೆಯ ಜೊತೆ ತೂಗಿ ‘ಇಷ್ಟು ಪಟ್ಟು ವಿಟಮಿನ್ ಸಿ’ ಎನ್ನುವುದು ಜಾಣ ವ್ಯಾಪಾರ. ಚಮಚ ಪುಡಿ ಎಂದರೆ ಸುಮಾರು 20 ಗ್ರಾಂ ಹಸಿ ಎಲೆ, ಅದೂ ವಿಟಮಿನ್ ಸಿ ಬಹುಪಾಲು ಕಳೆದುಕೊಂಡದ್ದು. ಒಣಗಿಸಲೇಬೇಕೆಂದರೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಕ್ಯಾರೊಟಿನ್ ಸುಟ್ಟುಹೋಗುತ್ತದೆ.

*

ಉಂಡದ್ದು ಮೈಯೊಳಗೆ ಕರಗಿ ಶಕ್ತಿಯಾಗುವಾಗ ಕೆಲವು ಪುಂಡ ಕಣಗಳು ಹುಟ್ಟಿ ಜೀವಕೋಶಕ್ಕೆ ಹಾನಿ ಮಾಡುತ್ತವೆ. ಅವನ್ನು ತಡೆಯುವ ಕ್ವೆರ್ಸೆಟಿನ್, ಕ್ಲೋರೊಜೆನಿಕ್ ಆಮ್ಲ, ಕ್ಯಾರೊಟಿನ್ ಎಲ್ಲವೂ ಈ ಎಲೆಯಲ್ಲಿವೆ. ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಅವು ಚೆನ್ನಾಗಿಯೇ ಗೆಲ್ಲುತ್ತವೆ. ಹೊಟ್ಟೆ ಗಾಜಿನ ನಳಿಗೆಯಲ್ಲ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಕಡಿಮೆ, ನಡೆದವೂ ಸಣ್ಣವು. ‘ಮುನ್ನೂರು ರೋಗಕ್ಕೆ ಮದ್ದು’ ಎಂಬ ಮಾತು ಎಲೆಗೆ ಮಾಡುವ ಅವಮಾನ. ಒಳ್ಳೆಯ ಊಟ ಎಂದರೆ ಸಾಲದೆ?

*

ಕ್ಯಾರೊಟಿನ್‌ಗೆ ಎಣ್ಣೆಯ ಸಂಗ ಬೇಕು, ಕಬ್ಬಿಣಕ್ಕೆ ಹುಳಿಯ ಸಂಗ. ತೊಗರಿಬೇಳೆ, ಶೇಂಗಾ ಪುಡಿ ಬೆರೆತ ನುಗ್ಗಿ ಪಲ್ಯದ ಮೇಲೆ ನಿಂಬೆ ಹಿಂಡಿ ಜೋಳದ ರೊಟ್ಟಿಯ ಜೊತೆ ಉಣ್ಣುವವರಿಗೆ ಈ ಪಾಠ ಬೇರೆ ಬೇಕಿಲ್ಲ. ಊಟದ ಬೆನ್ನಿಗೇ ಕುಡಿಯುವ ಚಹಾ ಮಾತ್ರ ಗಳಿಸಿದ ಕಬ್ಬಿಣವನ್ನು ಅರ್ಧ ದಾರಿಯಲ್ಲೇ ಕಸಿದುಕೊಳ್ಳುತ್ತದೆ.

*

ಎಳ್ಳಮಾವಾಸ್ಯೆಗೆ ಹೊಲದ ತಪ್ಪಲು, ಕಾಳು, ಕಾಯಿಯನ್ನೆಲ್ಲ ಭಜ್ಜಿಗೆ ಹಾಕಿ ಭೂತಾಯಿಗೆ ಎಡೆ ಹಿಡಿಯುವ ಸೀಮೆ ನಮ್ಮದು. ಉಳಿದ ದಿನ ಅಂಗಡಿಯ ಕುರುಕುರು ಪಾಕೀಟು.

*

ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಹಿಂದಕ್ಕೆ ಕಳಿಸಿದ ಶರಣೆ ಆಯ್ದಕ್ಕಿ ಲಕ್ಕಮ್ಮ ನಡೆದಾಡಿದ ಕಲ್ಯಾಣ ಇಲ್ಲೇ ಹತ್ತಿರದಲ್ಲಿದೆ. ನುಗ್ಗಿಗೂ ಅವಳ ಲೆಕ್ಕವೇ ಸರಿ: ಹಿಡಿಯಷ್ಟು ಸಾಕು. ಬೇರಿನಲ್ಲಿ ವಿಷದ ಅಂಶ ಉಂಟು, ಅದರ ತಂಟೆ ಬೇಡ. ರಕ್ತ ತೆಳುಮಾಡುವ ವಾರ್ಫರಿನ್ ನುಂಗುವವರು ಡಾಕ್ಟರನ್ನು ಕೇಳಿಯೇ ಉಣ್ಣಲಿ; ಎಲೆಯಲ್ಲಿ ವಿಟಮಿನ್ ಕೆ ಹೇರಳ.

*

ಬರಕ್ಕೆ ಅಂಜದ ಗಿಡ, ನಿಂತ ನೀರಿಗೆ ಅಂಜುತ್ತದೆ. ಎರಿ ಹೊಲದ ನಡುವೆ ನೆಡಬೇಡಿ, ಬದುವಿನ ಮೇಲೆ ನೆಡಿ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಯ ಬೀಜವಾದರೂ ಸರಿ, ನೆರೆಮನೆಯವರ ಗಿಡದ ಟೊಂಗೆಯಾದರೂ ಸರಿ. ಮಿರ್ಗದ ಮಳೆ ಬಿದ್ದ ಕೂಡಲೇ ಊರಿನ ಶಾಲೆಗೊಂದು, ಅಂಗನವಾಡಿಗೊಂದು ಹಚ್ಚಿ. ಬಿಸಿಯೂಟದ ಸಾರಿಗೆ ದಿನವೂ ಹಿಡಿ ತಪ್ಪಲು ಬೀಳುವಂತೆ ಅಡುಗೆಯ ಅಕ್ಕಂದಿರಿಗೆ ಹೇಳಿ.